ನಲವತ್ನಾಕನೇ ಚೀಟಿ

ಲೈಟು ಇನ್ನ ಒಂದು ತಾಸು ಬರಂಗಿಲ್ಲ. ಫೋನ್ ಹಚ್ಚಿ ಕೇಳೀನಿ. ಅಲ್ಲೀತನ ಸುಮ್ನ ಸೊಳ್ಳಿ ಹೊಡ್ಕೋಂತ ಕುಂದ್ರೋದಕ್ಕಿಂತ ನಮ್ಮ ಮಲ್ಲೇಶಗ ಆಗಿದ್ದು ಹೇಳ್ತೀನಿ, ಕೇಳ್ರಿ. ಮಲ್ಲೇಶ ಅಂದ್ರ ನಮ್ಮ ಚಿಗವ್ವನ ಮಗ. ಇರೋದು ಬಳಗಾನೂರು, ಕೆಲಸ ಸಿಂಧನೂರಾಗ, ಕಂಪ್ಯೂಟರ್ ಮುಂದ. ಕತಿ ಕಟ್ಟೋ ಮನಿಷ್ಯಾ ಅಲ್ಲ. ಅವನಿಗೆ ಕನಸು ಬಿದ್ರೂ ನಿನ್ನಿ ಆಫೀಸಿನ್ಯಾಗ ಆಗಿದ್ದಽ ಮತ್ತೊಮ್ಮಿ ಬೀಳ್ತೈತಿ. ಅದಕ್ಕ ನಾ ನಂಬೀನಿ.

ಆವತ್ತು ಸಿಂಧನೂರಿಂದ ಕಡೀ ಬಸ್ಸು. ಕ್ರಾಸಿಗೆ ಇಳದಾಗ ಹನ್ನೊಂದು ಆಗಾಕ ಬಂದಿತ್ತು. ಅಲ್ಲಿಂದ ಊರಿಗೆ ನಡಕೋಂತ ಹೋಗಬೇಕು. ದಾರ್ಯಾಗ ಒಂದು ಆಲದ ಮರ, ಮರದ ಬುಡಕ್ಕ ಒಂದು ಮುಚ್ಚಿದ ಬಾವಿ. ರೋಡು ಅಗಲ ಮಾಡುವಾಗ ಗರಸು ಹಾಕಿ ತುಂಬಿಸಿ, ಮ್ಯಾಲ ಚಪ್ಪಡಿ ಕಲ್ಲು ಹೊಚ್ಚಿ, ಸಿಮೆಂಟ್ ಬಡದು ಹನ್ನೆರಡು ವರ್ಷ ಆತು. ಹಗಲತ್ತ ಕೂಲಿ ಮಂದಿ ಅದರ ಮ್ಯಾಲ ಕುಂತು ಬುತ್ತಿ ಉಣ್ತಾರ.

ಮಲ್ಲೇಶ ಬಾವಿ ದಾಟಾಕತ್ತಾನ...

ಕಿರ್ರ್... ಕಿರ್ರ್...

ಗಡಗಡಿ ಸಪ್ಪಳ. ಎಣ್ಣಿ ಕಾಣದ ಗಡಗಡಿ ಮ್ಯಾಲ ಹಗ್ಗ ಇಳಿಬಿಟ್ರ ಹೆಂಗ ಬರ್ತೈತಿ, ಹಂಗಽ. ಅದರ ಬೆನ್ನಿಗೆ ಟಿಣ್... ಟಿಣ್... ತಗಡು ಕಲ್ಲಿಗೆ ತಾಕಿ ತಾಕಿ ಕೆಳಗ ಇಳದಂಗ. ಇವ ನಿಂತ. ಸಪ್ಪಳ ನಿಂತು. ಇವ ಒಂದು ಹೆಜ್ಜಿ ಇಟ್ಟ. ಕಿರ್ರ್... ಆಮ್ಯಾಲ ಚಿಮಣಿ ಎಣ್ಣಿ ವಾಸನಿ ಬಂತು.

ಫೋನಿನ ಬ್ಯಾಟರಿ ಹಚ್ಚಿ ನೋಡಿದ. ಚಪ್ಪಡಿ ಕಲ್ಲು ಇದ್ದಂಗ ಐತಿ. ಅದರ ಮ್ಯಾಲ ಒಂದು ನಾಯಿ ಮಲಗೇತಿ. ನಾಯಿ ಮಲಗೇತಿ ಅಂದ್ರ ಏನೂ ಇಲ್ಲ ಅಂತ ಧೈರ್ಯ ತಗೊಂಡ. ಹತ್ರ ಹೋಗಿ ನೋಡಿದ್ರ ನಾಯಿ ಮಲಗಿದ್ದಿಲ್ಲ... ಕಿವಿ ಕಲ್ಲಿಗೆ ಹಚ್ಚಿ ಕೇಳಾಕತ್ತಿತ್ತು.

ಮನಿಗೆ ಬಂದ. ಹೇಣ್ತಿ ಸುರೇಖಾ ಬಾಗಲಾ ತಗದು ಸಣ್ಣಗ ಕೇಳಿದ್ಲು.

“ಯಾಕ್ರೀ, ಇಷ್ಟು ಬೆವತೀರಿ?”

“ಬಸ್ಸಿನ್ಯಾಗ ಗದ್ದಲಿತ್ತು.”

“ಕಡೀ ಬಸ್ಸಿನ್ಯಾಗ?”

“ಊಟಕ್ಕ ನೀಡು.”

ಈಗ ಅವನ ಕೆಲಸ ಏನಂತ ಹೇಳಬೇಕು. ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ.

ಸಿಂಧನೂರಾಗ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಮ್ಯಾಲ ಒಂದು ಆಫೀಸು. ಮಾಲೀಕ ಪಂಪಣ್ಣ. ಕೈಯಾಗ ಇಬ್ಬರು, ನಮ್ಮ ಮಲ್ಲೇಶ ಮತ್ತ ಮಸ್ಕಿಯಿಂದ ಬರೋ ನಗ್ಮಾ ಅನ್ನೋ ಹೆಣಮಗಳು. ಸುತ್ತ ಹಳ್ಳ್ಯಾಗಿನ ನಲವತ್ಮೂರು ಹಳೇ ಬಾವಿಯಾಗ ಒಂದೊಂದು ಮೀಟರ್ ಡಬ್ಬಿ ಇಳಿಬಿಟ್ಟಾರ. ಬಾವಿಯೊಳಗ ಗಾಳಿ ಎಷ್ಟು ಕೆಟ್ಟೈತಿ ಅಂತ ಡಬ್ಬಿ ಅಳೀತೈತಿ. ದಿನಾ ರಾತ್ರಿ ಎರಡು ಗಂಟಿ ಹತ್ತು ನಿಮಿಷಕ್ಕ ಆಫೀಸಿನ ಕಂಪ್ಯೂಟರ್ ತಾನಽ ಎದ್ದು, ಬಾವಿಗೊಂದರಂಗ ಲೆಕ್ಕ ಮಾಡಿ, ಹೂಳು ತೆಗಿಯೋರ ಫೋನಿಗೆ ಮೆಸೇಜ್ ಹಾಕ್ತೈತಿ. “ಇಳೀಬೋದು” ಇಲ್ಲಾ “ಇಳೀಬ್ಯಾಡ”. ಅಷ್ಟಽ. ಬಾವಿಯೊಳಗಿನ ಕೆಟ್ಟ ಗಾಳಿ ಕಣ್ಣಿಗೆ ಕಾಣಂಗಿಲ್ಲ, ಮೂಗಿಗೂ ಹತ್ತಂಗಿಲ್ಲ. ಇಳದಂವ ಕೂಗೋದ್ರೊಳಗ ಮುಗದಿರ್ತೈತಿ.

ಆ ಮೆಸೇಜ್ ನಂಬಿ ಬಾವಿಗೆ ಇಳಿಯಾಂವ ಶಾವಲಿ. ನಾಕು ಮಕ್ಕಳ ತಂದಿ, ಕೈಕಾಲು ಹುಣಚಿ ಬೇರಿನಂಗ. ಅವರಪ್ಪನ ಕಾಲದಾಗ ದೀಪ ಇಳಿಬಿಟ್ಟು ನೋಡ್ತಿದ್ರು, ದೀಪ ಆರಿದ್ರ ಇಳೀತಿದ್ದಿಲ್ಲ. ಮೆಸೇಜ್ ಬಂದ ಮ್ಯಾಲ ಶಾವಲಿ ದೀಪ ಬಿಟ್ಟ. ಸಿಂಧನೂರಿಗೆ ಬಂದಾಗೆಲ್ಲ ಆಫೀಸಿನ ಬಾಗಲದಾಗ ನಿಂತು, “ನಿಮ್ಮ ಕಂಪ್ಯೂಟರ್ ಚೊಲೋ ಐತ್ರೀ, ನಮ್ಮಪ್ಪಗಿಂತ ಚೊಲೋ” ಅಂದು ಚಾ ಕುಡದು ಹೋಗ್ತಿದ್ದ.

ಇನ್ನ ಕಂಪ್ಯೂಟರಿನ ಒಳಗಿನ ಪರಿಸ್ಥಿತಿ. ಮೊಟ್ಟಮೊದ್ಲು ಪಾಮನಕಲ್ಲೂರು ಬಾವಿಗೆ ಕೋಡು ಬರದ್ರಂತ. ಎರಡನೇ ಬಾವಿ ಬಂತು, ಪಾಮನಕಲ್ಲೂರಿನ ಫೋಲ್ಡರ್ ಕಾಪಿ ಹೊಡದು ಊರಿನ ಹೆಸರು ಬದಲಿಸಿದ್ರು. ಮೂರನೇದು ಬಂತು, ಎರಡನೇದು ಕಾಪಿ. ಹಿಂಗ ನಲವತ್ಮೂರು. ನಮ್ಮ ತಮ್ಮನ ಮದುವಿ ಕಾರ್ಡ್ ಹಿಂಗಽ ಆಗಿತ್ತು. ಪ್ರೆಸ್ಸಿನಾಂವ ಹಿಂದಿನ ಮದುವಿ ಕಾರ್ಡ್ ಇಟ್ಕೊಂಡು ಹೆಸರು ಬದಲಿಸಿದ, ಒಂದು ಕಡೆ ಮರತ. ಮುಂದಿನ ಪುಟದಾಗ ನಮ್ಮ ತಮ್ಮ, ಹಿಂದಿನ ಪುಟದಾಗ ಲಿಂಗಸುಗೂರಿನ ಯಾರೋ ಯಮನೂರಪ್ಪ. ಆ ಯಮನೂರಪ್ಪ ಮದುವಿಗೂ ಬಂದು ಉಂಡು ಹೋದ. ಮದುವಿಯಾಗ ಅದು ನಡೀತೈತಿ. ಬಾವಿಯಾಗ ನಡಿಯಂಗಿಲ್ಲ.

ಫೋಲ್ಡರಿನ ಹೆಸರಾರ ಏನು ಕೇಳ್ತೀರಿ... “ಹೊಸದು”, “ಹೊಸದು ಎರಡು”, “ಇದಽ ಖರೇದು”, “ಇದಽ ಖರೇದು, ಮುಟ್ಟಬ್ಯಾಡ್ರಿ”.

ಪಂಪಣ್ಣ ಒಂದಿನ ಕುರ್ಚಿ ಎಳಕೊಂಡು ಕುಂತ. “ಲೇ ಮಲ್ಲೇಶ, ಬರೋ ತಿಂಗಳು ಲಿಂಗಸುಗೂರು ಕಡೆ ಇನ್ನ ಇಪ್ಪತ್ತು ಬಾವಿ ಬರ್ತಾವ. ಇನ್ನ ಇಪ್ಪತ್ತು ಕಾಪಿ ಹೊಡದ್ರ ನಾವಽ ಬಾವಿಗೆ ಬೀಳ್ತೀವಿ. ಎಲ್ಲಾ ಒಂದು ಮಾಡು.”

ಮಲ್ಲೇಶ ಒಂದು ಉಪಾಯ ಮಾಡಿದ. ಎಲ್ಲಾ ಬಾವಿಗೂ ಕೋಡು ಒಂದಽ. ಬಾವಿಗೊಂದು ಸಣ್ಣ ಚೀಟಿ. ಚೀಟಿಯಾಗ ಮೂರಽ ಮಾತು, ಬಾವಿ ಹೆಸರು, ಗಾಳಿ ಎಷ್ಟರೊಳಗ ಇದ್ರ ಇಳೀಬೋದು ಅನ್ನೋ ನಂಬರು, ಮೆಸೇಜ್ ಹೋಗೋ ಫೋನು. ಆ ನಂಬರು ಬಾವಿಗೊಂದು ಥರ, ಯಾಕಂದ್ರ ಡಬ್ಬಿ ಒಂದೊಂದು ಕಂಪನೀದು. ಪಾಮನಕಲ್ಲೂರಿನ ಹಳೇ ಡಬ್ಬಿಗೆ ಅರವತ್ತರತನ ನಡೀತೈತಿ. ವಳಕಮದಿನ್ನಿ ಹೊಸ ಡಬ್ಬಿಗೆ ಇಪ್ಪತ್ತು ದಾಟಿದ್ರ ಹೆಣ.

ಹದಿನಾಕು ದಿನ ಹೊಸದನ್ನ ಹಳೇದರ ಜೋಡಿ ರಾತ್ರಿ ಓಡಿಸಿ ನೋಡೋದು, ಮೆಸೇಜ್ ಮಾತ್ರ ಹಳೇದಽ ಹಾಕೋದು ಅಂತ ಆತು. ಮೊದಲನೇ ರಾತ್ರಿ ಓಡಿತು. ಮುಂಜಾನೆ ಬಂದು ಮಲ್ಲೇಶ ಪರದೆ ನೋಡಿದ.

ಮುಗಿದದ್ದು: ನಲವತ್ನಾಕು.

ಎಣಿಸಿದ. ಬಾವಿ ಪಟ್ಟಿಯಾಗ ಇಲ್ಲದ ಒಂದು ಚೀಟಿ ತಾನಽ ಬಂದು ಕುಂತಿತ್ತು. ಬಾವಿ: ಸರ್ದಾರಬಿ. ಗಾಳಿ: ಸೊನ್ನೆ. ಫೋನು: ಖಾಲಿ.

“ನಗ್ಮಾ, ಇದನ್ನ ನೀ ಹಾಕೀಯೇನು?”

“ನಾ ಯಾಕ ಹಾಕ್ಲಿ. ನೀವಽ ಹಾಕಿ ಮರತಿರಬೇಕು ನೋಡ್ರಿ.”

ಅಳಿಸಿದ. ಮರುದಿನ ಮುಂಜಾನೆ ಮತ್ತ ನಲವತ್ನಾಕು. ಮತ್ತ ಅಳಿಸಿದ. ಮತ್ತ ಬಂತು.

ಮಲ್ಲೇಶಗ ಸಂಶಯ ಗಟ್ಟಿ ಆತು. ನಗ್ಮಾ ಕುಂದ್ರೋದು ಅವನ ಹಿಂದ. ಅವಾ ಬೆನ್ನು ಮಾಡಿ ಕುಂದ್ರೋದು ಬಿಟ್ಟು ಅಡ್ಡಾಗಿ ಕುಂದ್ರಾಕ ಚಾಲೂ ಮಾಡಿದ. ಆಕಿ ಚಾ ತಂದು ಕೊಟ್ರ ಮೊದ್ಲು ನೀ ಕುಡಿ ಅಂದ. ಆಕೀನೂ ಕಡಿಮಿ ಇಲ್ಲ, ತನ್ನ ಪಾಸ್‌ವರ್ಡ್ ಹೊಡಿಯುವಾಗ ಕೈಮ್ಯಾಲ ದುಪಟ್ಟಾ ಮುಚ್ಚಾಕತ್ತಿದ್ಲು.

ಕೋಡು ಎಲ್ಲಾ ಒಂದು ಕಡೆ ಇಡ್ತಾರ ನೋಡ್ರಿ, ಹಗೇವಿನ್ಯಾಗ ಜ್ವಾಳ ಇಟ್ಟಂಗ. ಅದಕ್ಕ ಅವ್ರು ರೆಪೊ ಅಂತಾರ. ಅದರಾಗ ಯಾರು ಏನು ಇಟ್ರು, ಏನು ತಗದ್ರು, ಎಷ್ಟು ಗಂಟೇಕ, ಎಲ್ಲಾ ತಾನಽ ನಮೂದಾಗ್ತೈತಿ. ಆ ನಮೂದು ಯಾರಿಗೂ ತಿದ್ದಾಕ ಬರಂಗಿಲ್ಲಂತ. ಕಳ್ಳನ್ನ ಹಿಡೀತೀನಿ ಅಂತ ಮಲ್ಲೇಶ ಪಂಪಣ್ಣನ್ನೂ ಕರದು, ನಗ್ಮಾನ್ನೂ ನಿಂದ್ರಿಸಿ, ನಮೂದು ತಗದ.

ಚೀಟಿ ಇಟ್ಟವರು: ಮಲ್ಲೇಶ. ಸಮಯ: ರಾತ್ರಿ ಎರಡು ಹತ್ತು.

ಮೂರು ದಿನದ್ದೂ ಹಂಗಽ.

ಪಂಪಣ್ಣ ಇವನ್ನ ನೋಡಿದ. ನಗ್ಮಾ ಇವನ್ನ ನೋಡಿದ್ಲು. ಆಮ್ಯಾಲ ಆಕಿ ಸಾವಕಾಶ ಅಂದ್ಲು, “ರಾತ್ರಿ ಎರಡಕ್ಕ ಎದ್ದು ನೀವಽ ಇಡ್ತೀರಿ. ಮುಂಜಾನೆ ನಮ್ಮ ಚಾದಾಗ ಇಸ ಹುಡುಕ್ತೀರಿ.”

ಅವತ್ತು ರಾತ್ರಿ ಮಲ್ಲೇಶ ಹೇಣ್ತೀನ ಕೇಳಿದ, “ನಾ ನಿದ್ದಿಯಾಗ ಏಳ್ತೀನೇನು?”

“ಗೊರಕಿ ಹೊಡೀತೀರಿ. ಅದನ್ನ ಬಿಟ್ಟು ರಾತ್ರಿ ನೀವು ಬ್ಯಾರೆ ಕೆಲಸ ಮಾಡಿದ್ದು ನಾ ಕಂಡಿಲ್ಲ.”

ಆದ್ರೂ ಅವನಿಗೆ ತನ್ನ ಮ್ಯಾಲಽ ಸಂಶಯ. ಆಫೀಸಿಂದ ಮನಿಗೆ ತರೋ ಲ್ಯಾಪ್‌ಟಾಪ್ ಆರಿಸಿ ಜ್ವಾಳದ ಚೀಲದಾಗ ಹುಗದು, ಬಾಯಿ ಹೊಲದು, ಸೂಜಿ ಹೇಣ್ತಿ ಕೈಯಾಗ ಕೊಟ್ಟು ಮಲಗಿದ. ಮುಂಜಾನೆ ಹೊಲಿಗಿ ಹೊಲದಂಗಽ ಇತ್ತು. ಆಫೀಸಿಗೆ ಬಂದು ನೋಡ್ತಾನ, ಚೀಟಿ ಬಂದೈತಿ... ಎರಡು ಹತ್ತಕ್ಕ... ಇವನ ಹೆಸರಿನ ಮ್ಯಾಲ. ಲ್ಯಾಪ್‌ಟಾಪಿನ್ಯಾಗಿಂದ ಜ್ವಾಳ ಉದುರೋದು ಮಾತ್ರ ಒಂದು ವಾರ ನಿಲ್ಲಲಿಲ್ಲ.

ಮರುದಿನ ನಗ್ಮಾ ಕುರ್ಚಿ ಹತ್ರ ಎಳಕೊಂಡು ಬಂದ್ಲು. ದನಿ ತಗ್ಗಿಸಿದ್ಲು.

“ನಮ್ಮ ಅಮ್ಮೀನ ಕೇಳಿದೆ. ಸರ್ದಾರಬಿ ಅಂದ್ರ ಯಾರು ಅಂತ.”

“ಏನಂದ್ರು?”

“ಆಕಿ ಗಂಡ ಬಾವಿ ಹೂಳು ತೆಗೀತಿದ್ನಂತ. ಒಂದಿನ ಇಳದಂವ ಮ್ಯಾಲ ಬರಲಿಲ್ಲ. ಕೆಟ್ಟ ಗಾಳಿ. ಅವತ್ತಿಂದ ಆಕಿ ಸುತ್ತ ಎಲ್ಲಿ ಬಾವಿಗೆ ಆಳು ಇಳೀತಾರಂದ್ರೂ ಕಂದೀಲ ತಗೊಂಡು ಹೋಗ್ತಿದ್ಲಂತ. ಹಗ್ಗಕ್ಕ ಕಟ್ಟಿ ತಾನಽ ಇಳಿಬಿಟ್ಟು ನೋಡಿ, ಆರಲಿಲ್ಲಂದ್ರ ಹೂಂ ಅಂತಿದ್ಲಂತ. ಆಕಿ ಸತ್ತು ಬಾಳ ದಿನ ಆತು.”

“ಗಂಡ ಸತ್ತ ಬಾವಿ ಯಾವುದು?”

“ನಿಮ್ಮ ಬಳಗಾನೂರು ಕ್ರಾಸಿಂದಽ. ಆಲದ ಮರದ ಬುಡಕ್ಕಿತ್ತಂತ. ಈಗ ಮುಚ್ಯಾರಂತ.”

ಮಲ್ಲೇಶ ಪರದೆ ನೋಡ್ಕೋಂತ ಕುಂತ. ಗಡಗಡಿ ಸಪ್ಪಳ ಕೇಳಿದ್ದು ಆಕಿಗೆ ಹೇಳಲಿಲ್ಲ. ನಾ ದಿನಾ ಆ ದಾರಿಲೆ ಹೋಗೋದು ಈಕಿಗೆ ಗೊತ್ತೈತಿ, ಹೆದರಸಾಕ ಹೇಳಾಕತ್ಯಾಳ ಅಂದ್ಕೊಂಡ. ಮನಿಷ್ಯಾ ಒಮ್ಮಿ ಸಂಶಯ ಹಿಡದ್ರ ದೆವ್ವ ಬಂದು ಆಧಾರ್ ಕಾರ್ಡ್ ತೋರಿಸಿದ್ರೂ ನಕಲಿ ಅಂತಾನ.

ಗುರುವಾರ ಬಂತು. ಹಳೇ ನಲವತ್ಮೂರು ಫೋಲ್ಡರ್ ಬಂದ್ ಮಾಡಿ ಹೊಸದಽ ಮೆಸೇಜ್ ಹಾಕೋ ದಿನ. ಸಂಜಿಗೆ ಶಾವಲಿ ಫೋನ್ ಮಾಡಿದ.

“ಮಲ್ಲೇಶಣ್ಣ, ನಾಳೆ ನಸಿಕಿನ್ಯಾಗ ವಳಕಮದಿನ್ನಿ ಬಾವಿ ಐತ್ರೀ. ಮೆಸೇಜ್ ಬರ್ತೈತಲ್ಲ?”

“ಬರ್ತೈತಿ.”

ಫೋನಿಟ್ಟು ಮಲ್ಲೇಶ ಕಡೀ ಸಲ ಸರ್ದಾರಬಿ ಚೀಟಿ ಅಳಿಸಿದ. ಹದಿನಾಕು ದಿನದ ಸಿಟ್ಟಿತ್ತು. ಒತ್ತೋದು ಒಂದು ಸಲ ಸಾಕಿತ್ತು, ಇವ ಎರಡು ಸಲ ಒತ್ತಿದ. ಚೀಟಿ ಸಾಲಿನ್ಯಾಗ ಸರ್ದಾರಬಿ ಕೆಳಗ ಇದ್ದ ಚೀಟಿ ವಳಕಮದಿನ್ನಿದು. ಅದೂ ಹೋತು. ಇವನಿಗೆ ಗೊತ್ತಾಗಲಿಲ್ಲ.

ಚೀಟಿ ಇಲ್ಲಂದ್ರ ಕಂಪ್ಯೂಟರ್ ನಿಂತು ಕೂಗಬೇಕಿತ್ತು ಹೌದಿಲ್ಲೋ? ಕೂಗ್ತಿತ್ತು. ಆದ್ರ ಮಲ್ಲೇಶ ಮೊದಲಽ ಒಂದು ಜಾಣತನ ಮಾಡಿಟ್ಟಿದ್ದ. ಒಂದು ಬಾವಿ ಚೀಟಿ ಸಿಗಲಿಲ್ಲಂದ್ರ ಎಲ್ಲಾ ಕೆಲಸ ನಿಲ್ಲಬಾರದು ಅಂತ, ಚೀಟಿ ಇಲ್ಲದ ಬಾವಿಗೆ ಪಾಮನಕಲ್ಲೂರಿನ ನಂಬರು ತಗೋ ಅಂತ ಬರದಿದ್ದ. ಎಲ್ಲಾ ಅಲ್ಲಿಂದಽ ಹುಟ್ಟಿದ್ದಲ್ಲ, ತವರುಮನಿ ಇದ್ದಂಗ. ಫೋನ್ ನಂಬರು ಸೈತ ಅಲ್ಲೀದಽ, ಅದೂ ಶಾವಲೀದು.

ಮೆಸೇಜ್ ಹಾಕದಂಗ ಒಮ್ಮಿ ಓಡಿಸಿ ನೋಡಿದ. ಮುಗಿದದ್ದು: ನಲವತ್ಮೂರು.

“ನಲವತ್ಮೂರು ಬಂತೇನ್ರಿ?” ನಗ್ಮಾ ಕೇಳಿದ್ಲು.

“ಬಂತು.”

“ಚೀಟೀನೂ ಎಣಿಸಿ ನೋಡ್ರಿ ಒಮ್ಮಿ.”

“ನೀ ನನಗ ಕಲಿಸಬ್ಯಾಡ.”

ಪಂಪಣ್ಣ ಎಲ್ಲರಿಗೂ ಮಿರ್ಚಿ ತರಿಸಿದ. ತಿಂದು, ಕೈ ಒರಸಿಕೊಂಡು, ಮಲ್ಲೇಶ ಕಡೀ ಬಸ್ಸು ಹಿಡದ.

ಆಲದ ಮರ ಬಂತು. ಅವತ್ತು ಗಡಗಡಿ ಸಪ್ಪಳ ಇಲ್ಲ. ನಾಯೂ ಇಲ್ಲ. ಗಾಳಿ ನಿಂತಿತ್ತು, ಎಲಿ ಅಲುಗವಲ್ದು. ಬಾವಿ ದಾಟಿ ಹತ್ತು ಹೆಜ್ಜಿ ಹೋಗ್ಯಾನ...

ಟಿಣ್.

ಹಿಂದಽ. ಮಗ್ಗಲಾಗಽ. ಕಂದೀಲಿನ ಹಿಡಿಕಿ ಕಂದೀಲಿಗೆ ತಾಕಿದ ಸಪ್ಪಳ. ಚಿಮಣಿ ಎಣ್ಣಿ ವಾಸನಿ. ಆಮ್ಯಾಲ ಮುದುಕಿ ದನಿ, ಕಿವಿಗೆ ಹತ್ತಿ.

“ಎಷ್ಟು ಬಾವಿ, ಬೇಟಾ?”

ಮಲ್ಲೇಶನ ಬಾಯಿ ತಾನಽ ಹೇಳಿತು. “ನಲವತ್ಮೂರು.”

“ಚೀಟಿ ಎಷ್ಟು?”

ಇವ ತಿರುಗಿ ನೋಡಲಿಲ್ಲ. ಓಡಲೂ ಇಲ್ಲ, ಓಡಿದ್ರ ಹೆದರಿದೆ ಅಂತ ತಿಳೀತೈತಿ ಅಂತ. ಜೋರಾಗಿ ನಡದ. ಅಷ್ಟು ಜೋರಾಗಿ ನಡದ ಅಂದ್ರ ಒಂದು ಚಪ್ಪಲಿ ಅಲ್ಲೇ ಉಳೀತು. ಮನಿಗೆ ಬಂದು ಮುಸುಕು ಹಾಕ್ಕೊಂಡು ಬಿದ್ದ. ಸುರೇಖಾ ಏನಾತು ಅಂದ್ಲು. ಚಪ್ಪಲಿ ಹರೀತು ಅಂದ.

ನಿದ್ದಿ ಬರವಲ್ದು. ಇದು ನಗ್ಮಾನ ಆಟ, ಯಾರನ್ನೋ ಮುದುಕೀನ ನಿಂದ್ರಿಸ್ಯಾಳ ಅಂತ ಒಮ್ಮಿ. ಎದ್ದು ಎಣಿಸಲೇನು ಅಂತ ಒಮ್ಮಿ. ದೆವ್ವದ ಮಾತು ಕೇಳಿ ಚೀಟಿ ಎಣಿಸಿದ್ರ ನಾಳೆ ಪಂಪಣ್ಣ ನಗತಾನ ಅಂತ ಮತ್ತೊಮ್ಮಿ. ಹಿಂಗಽ ಹೊಳ್ಳಾಡಿ ಹೊಳ್ಳಾಡಿ... ಎರಡು ಹತ್ತು ದಾಟಿ ಹೋತು.

ನಾಕಕ್ಕ ತಡಿಲಾರದ ಎದ್ದು ಲ್ಯಾಪ್‌ಟಾಪ್ ತಗದ. ತನ್ನ ನಲವತ್ಮೂರು ಬಾವಿ ಹಿಡದು ಒಂದೊಂದಽ ಚೀಟಿ ಮ್ಯಾಲ ಬೆರಳಿಟ್ಟು ಎಣಿಸಿದ. ನಲವತ್ತೆರಡು. ಮತ್ತ ಎಣಿಸಿದ. ನಲವತ್ತೆರಡು. ವಳಕಮದಿನ್ನಿದು ಇಲ್ಲ.

ಆ ಬಾವಿಯ ಗಾಳಿ ಅವತ್ತು ನಲವತ್ತೈದು. ಇಪ್ಪತ್ತು ದಾಟಿದ್ರ ಹೆಣ ಅಂದಿದ್ದೆನಲ್ಲ. ಪಾಮನಕಲ್ಲೂರಿನ ಅರವತ್ತರ ಮುಂದ ನಲವತ್ತೈದು ಬಾಳ ಚೊಲೋ ಗಾಳಿ. ಮೆಸೇಜ್ ಹೋಗಿತ್ತು... “ವಳಕಮದಿನ್ನಿ: ಇಳೀಬೋದು.”

ಶಾವಲಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಕೆಲಸಕ್ಕ ನಿಂತಾಗ ಶಾವಲಿ ಫೋನ್ ಆರಿಸಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿ ಗಾಡಿ ಡಿಕ್ಕಿಯಾಗ ಇಡ್ತಾನ. ಮಲ್ಲೇಶ ಒಂದು ಕಾಲಾಗ ತನ್ನ ಚಪ್ಪಲಿ, ಒಂದು ಕಾಲಾಗ ಹೇಣ್ತೀದು ಮೆಟ್ಟಿಕೊಂಡು ಬಾಜೂ ಮನಿಯವರ ಗಾಡಿ ಇಸ್ಕೊಂಡು ಹೊಡದ. ಗದ್ದಿ ಮ್ಯಾಲ ಮಂಜು ಕುಂತಿತ್ತು. ದಾರಿ ಪೂರ್ತಿ ಅವನ ಕಣ್ಣಾಗ ಬರೇ ಒಂದು ಹಗ್ಗ, ಕೆಳಗ ಇಳದಿದ್ದು, ಬಿಗಿ ಇಲ್ಲದ್ದು.

ವಳಕಮದಿನ್ನಿ ಬಾವಿ ಹತ್ರ ಬಂದಾಗ ಮೂಡಲ ಬೆಳ್ಳಗಾಗಾಕತ್ತಿತ್ತು. ಗಾಡಿ ಬಿಟ್ಟು ಓಡಿದ.

ಶಾವಲಿ ಕಟ್ಟಿ ಮ್ಯಾಲ ಕುಂತು ಬೀಡಿ ಸೇದಾಕತ್ತಿದ್ದ.

“ಬರ್ರಿ ಮಲ್ಲೇಶಣ್ಣ. ಹೆಣ್ಣುಮಕ್ಕಳ ಚಪ್ಪಲಿ ಯಾಕ ಮೆಟ್ಟೀರಿ?”

ಮಲ್ಲೇಶ ಅವನ ಮಗ್ಗಲಾಗ ಕುಂತು ಕೈ ಚಾಚಿದ. ಶಾವಲಿ ಒಂದು ಬೀಡಿ ಕೊಟ್ಟ. ಮಲ್ಲೇಶ ಹುಟ್ಟಿದಾಗಿಂದ ಬೀಡಿ ಸೇದಿದಂವ ಅಲ್ಲ.

“ಇಳೀಲಿಲ್ಲ?”

“ಹೆಂಗ ಇಳೀಲ್ರೀ. ನಿಮ್ಮ ಕಂಪ್ಯೂಟರ್ ಎರಡು ಮೆಸೇಜ್ ಹಾಕೇತಿ.” ಡಿಕ್ಕಿಯಾಗಿನ ಫೋನ್ ತಗದು, ಬಿಚ್ಚಿ, ಹಚ್ಚಿ ತೋರಿಸಿದ.

ವಳಕಮದಿನ್ನಿ: ಇಳೀಬೋದು. ಎರಡು ಹತ್ತು.

ಸರ್ದಾರಬಿ: ಇಳೀಬ್ಯಾಡ. ಎರಡು ಹತ್ತು.

“ಒಂದು ಹೂಂ ಅಂತೈತಿ, ಒಂದು ಬ್ಯಾಡ ಅಂತೈತಿ. ಕಂಪ್ಯೂಟರ್ ಜಗಳಕ್ಕ ಬಿದ್ದೈತಿ, ನಮ್ಮಪ್ಪನ ಹಾದಿನಽ ಚೊಲೋ ಅಂತ ಬಕೀಟಿನ್ಯಾಗ ಎಣ್ಣಿ ದೀಪ ಹಚ್ಚಿ ಇಳಿಬಿಟ್ಟೆ. ಅರ್ಧಕ್ಕ ಹೋಗೋದ್ರೊಳಗ ಪಕ್ಕನ ಆರಿತು. ಮತ್ತ ಹಚ್ಚಿದೆ, ಮತ್ತ ಆರಿತು. ಮೂರು ಸಲ. ಸರ್ದಾರಬಿ ಹೆಸರು ನಮ್ಮಪ್ಪ ಹೇಳ್ತಿದ್ದ. ಆಕಿ ಹೆಸರಿಲೆ ಮೆಸೇಜ್ ಹಾಕೋ ಪದ್ಧತಿ ಚೊಲೋ ಮಾಡೀರಿ ಬಿಡ್ರಿ.”

ಆಫೀಸಿಗೆ ಹೋಗಿ ಮೂರೂ ಮಂದಿ ನಮೂದು ತಗದು ನೋಡಿದ್ರು. ಸಂಜಿಗೆ ಅಳಿಸಿದ ಸರ್ದಾರಬಿ ಚೀಟಿ ಎರಡು ಹತ್ತಕ್ಕ ಮತ್ತ ಬಂದೈತಿ. ಗಾಳಿ: ಸೊನ್ನೆ. ಸೊನ್ನೆ ಅಂದ್ರ ಗಾಳಿ ಒಂಚೂರು ಕೆಟ್ಟಿದ್ರೂ ಇಳೀಬ್ಯಾಡ. ಹದಿನಾಕು ದಿನ ಖಾಲಿ ಇದ್ದ ಫೋನಿನ ಜಾಗದಾಗ ಶಾವಲಿ ನಂಬರು. ಇಟ್ಟವರು: ಮಲ್ಲೇಶ. ಎರಡು ಹತ್ತಕ್ಕ ಮಲ್ಲೇಶ ಮುಸುಕಿನ್ಯಾಗ ಇದ್ದ.

ಮಲ್ಲೇಶ ಅವತ್ತಽ ತನ್ನ ಜಾಣತನ ಕಿತ್ತು ಹಾಕಿದ. ಈಗ ಚೀಟಿ ಇಲ್ಲದ ಬಾವಿಗೆ ಕಂಪ್ಯೂಟರ್ ಊಹಿ ಮಾಡಂಗಿಲ್ಲ. ಇಳೀಬ್ಯಾಡ ಅಂತೈತಿ, ನಿಂತು ಕೂಗ್ತೈತಿ. ಆಮ್ಯಾಲ ನಗ್ಮಾನ ಮುಂದ ಚಾ ಇಟ್ಟು, ಮೊದ್ಲು ತಾನಽ ಒಂದು ಗುಟುಕು ಕುಡದು ತೋರಿಸಿದ. ಆಕಿ ಆ ಚಾ ಬಿಟ್ಟು ಬ್ಯಾರೆ ತರಿಸ್ಕೊಂಡ್ಲು.

“ಸರ, ಸರ್ದಾರಬಿ ಚೀಟಿ ಏನು ಮಾಡೂಣ?” ಅಂದ ಮಲ್ಲೇಶ.

ಪಂಪಣ್ಣ ಪರದೆಗೆ ಕೈ ಮುಗದ. “ಇರ್ಲಿ ಬಿಡು. ಸಂಬಳ ಕೇಳಂಗಿಲ್ಲ.”

ಈಗ ಲಿಂಗಸುಗೂರಿನ ಇಪ್ಪತ್ತೂ ಸೇರ್ಯಾವ. ಬಾವಿ ಅರವತ್ಮೂರು, ಚೀಟಿ ಅರವತ್ನಾಕು. ಯಾರೂ ಮುಟ್ಟಂಗಿಲ್ಲ.

ನೀವು ನಗಾಕತ್ತೀರಿ. ನಗ್ರಿ. ಮಲ್ಲೇಶನ ಮಾತಷ್ಟಽ ಆಗಿದ್ರ ನಾನೂ ನಗತಿದ್ದೆ. ಹೋದ ಬ್ಯಾಸಿಗ್ಯಾಗ ನೀರಿನ ಪೈಪ್ ಹಾಕೋರು ಬಳಗಾನೂರು ಕ್ರಾಸಿನ ಚಪ್ಪಡಿ ಕಲ್ಲು ಎತ್ತಿದ್ರು. ನಾನೂ ಅಲ್ಲೇ ನಿಂತಿದ್ದೆ, ಮಲ್ಲೇಶನ ಮನಿಗೆ ಹೋಗಿದ್ದೆ. ಸಿಮೆಂಟ್ ಒಡಿಯಾಕ ಅರ್ಧ ದಿನ ಹಿಡೀತು. ಒಳಗ ಬಾವಿ ಇಲ್ಲ, ನೀರಿಲ್ಲ, ಬಾಯಿಗೆ ಒಂದು ಮೊಳ ಕಡಿಮಿ ಗರಸು, ಹನ್ನೆರಡು ವರ್ಷದ ಹಿಂದ ತುಂಬಿದ್ದು ತುಂಬಿದಂಗ. ಗರಸಿನ ಮ್ಯಾಲ ಒಂದು ಕಂದೀಲು ನಿಂತಿತ್ತು. ಅಲುಗಾಡಿಸಿದ್ರ ಒಳಗ ಅರ್ಧ ಎಣ್ಣಿ. ರೇಷನ್ದಾಗ ಚಿಮಣಿ ಎಣ್ಣಿ ಕೊಡೋದು ಬಿಟ್ಟು ಎಷ್ಟು ವರ್ಷ ಆತು ನೀವಽ ಹೇಳ್ರಿ.

ಬಿಸಿಲಿಗೆ ಕಾದಿರಬೇಕು ಅಂತ ಅನ್ನಬ್ಯಾಡ್ರಿ. ಕಲ್ಲು ಎತ್ತಿ ಎರಡು ನಿಮಿಷ ಆಗಿದ್ದಿಲ್ಲ, ಮ್ಯಾಲ ಆಲದ ನೆಳ್ಳಿತ್ತು. ನಾನಽ ಈ ಕೈಲೆ ಮುಟ್ಟೀನಿ. ಗಾಜು ಬೆಚ್ಚಗಿತ್ತು.